ಅಫಜಲಪುರ ಫೈನಲ್ಲಿನ ಹತ್ತನೇ ವಿಕೆಟ್

ಫರಹೀನಳ ತಂದೆ ರಸೂಲಸಾಬರು ಆಳಂದದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದರು. ಕ್ರಿಕೆಟ್ ಕಲಿತದ್ದೂ ರೇಡಿಯೊದಿಂದಲೇ. ರಿಪೇರಿಯಾದ ಸೆಟ್ಟು ಸರಿಯಾಗಿ ಹಾಡುತ್ತದೋ ಇಲ್ಲವೋ ನೋಡಲು ಕಾಮೆಂಟರಿ ಹಚ್ಚಿಡುವರು. ಅದನ್ನು ಕೇಳುತ್ತ ಕೇಳುತ್ತ ಹಾಳೆಯ ಮೇಲೆ ಸ್ಕೋರ್ ಬರೆಯುವ ರೂಢಿ ಬಿತ್ತು. ಅವರು ಬ್ಯಾಟ್ ಹಿಡಿದದ್ದನ್ನಾಗಲಿ ಬಾಲ್ ಎಸೆದದ್ದನ್ನಾಗಲಿ ಕಂಡವರಿಲ್ಲ. ಆದರೆ 1979ರಿಂದ ಇಪ್ಪತ್ತೈದು ವರ್ಷ ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳಲ್ಲಿ ದೊಡ್ಡ ಪಂದ್ಯ ಎಲ್ಲಿ ನಡೆದರೂ ಸ್ಕೋರರ್ ಅವರೇ. ನೂರು ಹಾಳೆಯ ಉದ್ದ ನೋಟ್‌ಬುಕ್ಕಿಗೆ ತಾವೇ ಗೆರೆ ಹೊಡೆದುಕೊಂಡು, ಉರ್ದುವಿನಲ್ಲಿ, ಬಲದಿಂದ ಎಡಕ್ಕೆ, ಒಂದೊಂದು ಬಾಲನ್ನೂ ಬರೆಯುತ್ತಿದ್ದರು. ಅಂಥ ಮೂವತ್ತೊಂದು ಪುಸ್ತಕಗಳನ್ನು ಟ್ರಂಕಿನಲ್ಲಿ ಬಿಟ್ಟು, 2016ರಲ್ಲಿ ತೀರಿಕೊಂಡರು.

ಆ ಟ್ರಂಕು ಹೊರಗೆ ಬಂದದ್ದು ಪಂಚಶೀಲಾ ಎಂಬ ಹುಡುಗಿಯಿಂದ. ಕಡಗಂಚಿಯ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಈ ಭಾಗದ ಆಟಗಳ ಇತಿಹಾಸ ಕೂಡಿಸುವ ಒಂದು ಕೆಲಸ ನಡೆದಿತ್ತು. ಪಂಚಶೀಲಾ ಅದರಲ್ಲಿ ಸಹಾಯಕಿ. ಊರೂರು ತಿರುಗಿ ಹಳೆಯ ಫೋಟೊ, ಪ್ರಮಾಣಪತ್ರ, ಕರಪತ್ರ ಹುಡುಕುವುದು, ಹಳೆಯ ಆಟಗಾರರ ಮಾತನ್ನು ರೆಕಾರ್ಡ್ ಮಾಡುವುದು ಅವಳ ಕೆಲಸ. ಅವಳಿಗೆ ಉರ್ದು ಬರುತ್ತಿರಲಿಲ್ಲ. ಫರಹೀನ ಆಳಂದದಲ್ಲೇ ಉರ್ದು ಪ್ರಾಥಮಿಕ ಶಾಲೆಯ ಟೀಚರ್. ರಜೆಯ ದಿನಗಳಲ್ಲಿ ಕುಳಿತು ತಂದೆಯ ಪುಸ್ತಕಗಳನ್ನು ಕನ್ನಡಕ್ಕೆ ಇಳಿಸಿಕೊಡಲು ಒಪ್ಪಿಕೊಂಡಳು. ಮೊದಮೊದಲು ತಂದೆಯ ಕೈಬರಹ ನೋಡಿ ಕಣ್ಣು ತುಂಬಿ ಬರುತ್ತಿತ್ತು. ಐದಾರು ಪುಸ್ತಕ ಆಗುವುದರೊಳಗೆ ಅದು ನಿಂತು, ಆಟದ ಮೇಲೆಯೇ ಲಕ್ಷ್ಯ ಹೋಗತೊಡಗಿತು.

ಹದಿನೈದನೆಯ ಪುಸ್ತಕ ಮುಗಿಸಿ ಕಳಿಸಿದ ವಾರದಲ್ಲಿ ಪಂಚಶೀಲಾಳ ಫೋನ್ ಬಂತು.

"ಮೇಡಂ, 1987ರ ಅಫಜಲಪುರ ಫೈನಲ್ ಅದಲ್ರಿ, ಅದರಾಗ ಹಿರೋಳ್ಳಿ ಚಂದ್ರಾಮ ಅವರಿಗೆ ಎಷ್ಟು ವಿಕೆಟ್ ಅಂತ ಬರದೀರಿ?"

"ಆರು."

"ಇನ್ನೊಮ್ಮೆ ನೋಡ್ರಿ. ನಿನ್ನಿ ಅವರ ಮನಿಗಿ ಹೋಗಿದ್ದೆ. ಏಳು ಅಂತಾರ. ಪೇಪರ್ ಕಟಿಂಗೂ ಅದ ಅವರ ಬಲ್ಲಿ. ಅದರಾಗೂ ಏಳೇ ಅದ."

ಫರಹೀನ ಪುಸ್ತಕ ತೆಗೆದು ನೋಡಿದಳು. ಚಂದ್ರಾಮ, ಎಂಟು ಓವರ್, ಇಪ್ಪತ್ತಮೂರು ರನ್, ಆರು ವಿಕೆಟ್. ಎದುರಾಳಿ ಅಫಜಲಪುರ ತಂಡದ ಹತ್ತನೇ ವಿಕೆಟ್ಟಿನ ಮುಂದೆ 'ರನ್ ಔಟ್, ಪೀರಪ್ಪ' ಎಂದಿತ್ತು. ಪಕ್ಕದಲ್ಲಿ ಸಣ್ಣದಾಗಿ 'ಸೀದಾ ಥ್ರೋ' ಎಂದು ಬರೆದಿತ್ತು. ಅಂದರೆ ಅದು ಫೀಲ್ಡರ್ ಪೀರಪ್ಪನ ಥ್ರೋಗೆ ಬಿದ್ದ ವಿಕೆಟ್, ಬೌಲರನ ಲೆಕ್ಕಕ್ಕೆ ಬರುವುದಿಲ್ಲ.

ಮರುದಿನ ಸಂಜೆ ಚಂದ್ರಾಮ ತಾವೇ ಮನೆಗೆ ಬಂದರು. ಸರ್ಕಾರಿ ಬಸ್ಸಿನ ಡ್ರೈವರಾಗಿದ್ದು ಈಚೆಗೆ ನಿವೃತ್ತರಾದವರು. ಎತ್ತರದ ಆಳು, ಬಲ ಭುಜ ತುಸು ಕೆಳಗೆ ಇಳಿದಿತ್ತು. ಬಗಲಲ್ಲಿ ಲ್ಯಾಮಿನೇಶನ್ ಮಾಡಿಸಿದ ಕಟಿಂಗ್. ಫರಹೀನಳ ತಾಯಿ ಕರೀಮುನ್ನಿಸಾ ಚಹಾ ತಂದಿಟ್ಟು ಒಳಗೆ ಹೋದಳು. ಚಂದ್ರಾಮ ಚಹಾ ಮುಟ್ಟದೆ ಕಟಿಂಗನ್ನು ಮೇಜಿನ ಮೇಲಿಟ್ಟರು.

"ಓದು ಅವ್ವಾ."

ಅಂದಿನ ಗುಲಬರ್ಗಾದ ಪತ್ರಿಕೆಯೊಂದರ ನಾಲ್ಕು ಇಂಚಿನ ಸುದ್ದಿ. ಆಳಂದ ತಂಡಕ್ಕೆ ಎರಡು ರನ್ನುಗಳ ಜಯ, ಚಂದ್ರಾಮಗೆ ಏಳು ವಿಕೆಟ್.

"ನೋಡ್ದೇನು? ಇದನ್ನ ನೋಡೇ ನನ್ನ ಜಿಲ್ಲಾ ತಂಡಕ್ಕ ಕರದ್ರು. ಕಡೀ ವಿಕೆಟ್ ಎಲ್‌ಬಿಡಬ್ಲ್ಯೂ. ಸಿದ್ದರಾಮೇಶ ಅಂತ ಇದ್ದ, ಅವನ ಪ್ಯಾಡಿಗಿ ಬರೋಬರಿ ಬಡದೇನಿ. ಮಂದಿಗಿ ಮೂವತ್ತೆಂಟು ವರ್ಷದಿಂದ ಹೇಳ್ಕೋತ ಬಂದೇನಿ. ಈಗ ಆ ಹುಡುಗಿ ಬಂದು ಆರು ಅಂತಾಳ."

"ನಾ ಇದ್ದದ್ದನ್ನ ಬರದೀನಿ ಕಾಕಾ. ಪುಸ್ತಕದಾಗ ಆರೇ ಅದ."

"ಹಂಗಾದ್ರ ನಿಮ್ಮಪ್ಪ ಗಲತ್ ಬರದಾನ. ದೊಡ್ಡ ಮನಷ್ಯಾ, ಅವನ ಬಗ್ಗೆ ನಾ ಕೆಟ್ಟ ಮಾತಾಡಂಗಿಲ್ಲ. ಆದ್ರ ಅಂವ ಕುಂತದ್ದು ಆ ತುದೀಗಿ, ಬೇವಿನ ಗಿಡದ ಕೆಳಗ. ಅಲ್ಲಿಂದ ಏನ್ ಕಾಣ್ತದ?"

"ತರಲೇನ್ರಿ ಪುಸ್ತಕ? ಒಮ್ಮೆ ಓದ್ತೇನಿ, ಕೇಳ್ರಿ."

"ಬ್ಯಾಡ. ನಂಗ ಆ ಲಿಪಿ ಓದಾಕ ಬರಂಗಿಲ್ಲ. ನೀ ಅದನ್ನ ಏಳು ಮಾಡಿ ಕೊಡು."

ಚಹಾ ಹಾಗೆಯೇ ಉಳಿಯಿತು. ಅವರು ಹೋದ ಮೇಲೆ ಫರಹೀನಳಿಗೆ ಸಿಟ್ಟು ಬಂತು, ಅದರ ಹಿಂದೆಯೇ ಸಂಶಯವೂ ಬಂತು. ತಂದೆ ಪಂದ್ಯದ ನಡುವೆ ನೀರು ಕುಡಿಯಲೂ ಆಟದಿಂದ ಕಣ್ಣು ತೆಗೆಯುತ್ತಿರಲಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಆದರೂ ಮನುಷ್ಯ. ಒಂದು ದಿನ ತಪ್ಪಿರಬಹುದು.

ಟ್ರಂಕಿನ ತಳದಲ್ಲಿ ಒಂದು ಫೈಲಿತ್ತು. ರಸೂಲಸಾಬರು ಪಂದ್ಯ ಮುಗಿದ ಮೇಲೆ ಗುಲಬರ್ಗಾದ ಪತ್ರಿಕೆಗೆ ಫೋನ್ ಮಾಡಿ ಫಲಿತಾಂಶ ಹೇಳುತ್ತಿದ್ದರು. ಅಚ್ಚಾದದ್ದನ್ನು ಕತ್ತರಿಸಿ, ತಾರೀಖು ಬರೆದು ಅಂಟಿಸಿಡುತ್ತಿದ್ದರು. ಫರಹೀನ ಆ ಫೈಲನ್ನು ಪೂರಾ ತಿರುವಿದಳು. 1980ರಿಂದ ವರ್ಷಕ್ಕೆ ಹತ್ತು ಹನ್ನೆರಡು ಕಟಿಂಗು. ಕೊನೆಯದು 1987ರ ಜನವರಿಯದು, ಚಂದ್ರಾಮರ ಏಳು ವಿಕೆಟ್ಟಿನ ಸುದ್ದಿಯೇ. ಅದರ ನಂತರ ಇಪ್ಪತ್ತು ಖಾಲಿ ಹಾಳೆ. ಪಂದ್ಯಗಳು ಮುಂದೆ ಹದಿನೇಳು ವರ್ಷ ನಡೆದಿದ್ದವು, ಸ್ಕೋರ್ ಪುಸ್ತಕಗಳೂ ಇದ್ದವು. ಪತ್ರಿಕೆಗೆ ಹೇಳುವುದು ಮಾತ್ರ ಅವತ್ತಿಗೇ ನಿಂತಿತ್ತು.

ಹೀಗಾಗಿ ಏಳು ಎಂದು ಪತ್ರಿಕೆಗೆ ಹೇಳಿದವರೂ, ಆರು ಎಂದು ಪುಸ್ತಕದಲ್ಲಿ ಬರೆದವರೂ ಒಬ್ಬರೇ. ಫರಹೀನ ಇದನ್ನು ಪಂಚಶೀಲಾಳಿಗೆ ಹೇಳಿದಾಗ ಅವಳು, "ಪೀರಪ್ಪ ಅನ್ನೋರು ಬದಕ್ಯಾರೇನ್ರಿ?" ಎಂದು ಕೇಳಿದಳು.

ಪೀರಪ್ಪ ಜೇವರ್ಗಿ ತಾಲೂಕಿನ ಅಂದೋಲಾದಲ್ಲಿದ್ದರು. ರವಿವಾರ ಇಬ್ಬರೂ ಬಸ್ಸಿನಲ್ಲಿ ಕಲಬುರಗಿಗೆ ಹೋಗಿ, ಅಲ್ಲಿಂದ ಜೇವರ್ಗಿ ಮೇಲೆ ಹಾಯ್ದು ಅಂದೋಲಾ ತಲುಪುವುದರೊಳಗೆ ಮಧ್ಯಾಹ್ನವಾಗಿತ್ತು. ಮಠದ ದಾರಿಯಲ್ಲಿ ಅವರ ಅಂಗಡಿ. ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತಿಕೊಡುವುದು ಅವರ ಕಸುಬು. ಕಪ್ಪು ಮೈಯ ಸಣ್ಣ ಆಳು, ಕನ್ನಡಕವನ್ನು ದಾರದಿಂದ ಕಿವಿಗೆ ಕಟ್ಟಿಕೊಂಡಿದ್ದರು.

"ರಸೂಲ ಚಾಚಾನ ಮಗಳಾ?" ಎಂದು ಎದ್ದು ನಿಂತರು. "ಬರ್ರಿ, ಕುಂದರ್ರಿ. ಈ ಸುತ್ತ ಅರ್ಧಕ್ಕ ಬಿಟ್ರ ಲೆಕ್ಕ ತಪ್ತದ, ಇದೊಂದು ಮುಗಸ್ತೇನಿ."

ಬೆರಳಿನಿಂದ ತಂತಿ ಸುತ್ತುತ್ತ, ತುಟಿಯಲ್ಲೇ ಎಣಿಸುತ್ತ ಒಂದು ಕಾಯಿಲ್ ಮುಗಿಸಿದರು. ಪಂಚಶೀಲಾ ರೆಕಾರ್ಡರ್ ಇಟ್ಟಳು. ಮೊದಲು ತಮ್ಮ ಕಥೆ ಹೇಳಿದರು. ಆಳಂದದಲ್ಲಿ ಸರ್ಕಾರಿ ಹಾಸ್ಟೆಲ್ಲಿನಲ್ಲಿದ್ದುಕೊಂಡು ಕಾಲೇಜು ಓದಿದ್ದು, ಫೀಲ್ಡಿಂಗ್ ಚಲೋ ಮಾಡುತ್ತಾನೆಂದು ತಂಡಕ್ಕೆ ಸೇರಿಸಿಕೊಂಡದ್ದು, ಚಂದ್ರಾಮ ತಮ್ಮ ಎರಡನೇ ಜೋಡಿ ಬೂಟು ಕೊಟ್ಟದ್ದು, ಅದು ದೊಡ್ಡದಾಗಿ ತುದಿಗೆ ಅರಿವೆ ತುರುಕಿಕೊಂಡು ಓಡಿದ್ದು. ಅಫಜಲಪುರದ ಫೈನಲ್ ಎಂದ ಕೂಡಲೇ ರೆಕಾರ್ಡರಿನ ಕಡೆ ನೋಡಿದರು.

"ಇದು ಅದರಾಗ ಬ್ಯಾಡವ್ವಾ."

ಪಂಚಶೀಲಾ ಅದನ್ನು ಬಂದ್ ಮಾಡಿದಳು.

"ಮ್ಯಾಚ್ ಮುಗದ ಮ್ಯಾಲ ಚಾಚಾ ಗುಲಬರ್ಗಾಕ್ಕ ಟ್ರಂಕ್ ಕಾಲ್ ಹಚ್ಚಾಕ ಟೆಲಿಫೋನ್ ಎಕ್ಸ್‌ಚೇಂಜಿಗಿ ಹೊಂಟಿದ್ರು. ನಾನೂ ಸಂಗಾಟ ಹೋದೆ. ಲೈನ್ ಸಿಗೋತನಾ ಮೆಟ್ಟಲ ಮ್ಯಾಲ ಕುಂತೀವಿ. ಚೀಟ್ಯಾಗ ಏನ್ ಬರದೀರಿ ಅಂತ ಕೇಳ್ದೆ. ಚಂದ್ರಾಮಗ ಆರು, ಕಡೀಕ ಪೀರಪ್ಪನ ಥ್ರೋ, ಅಂದ್ರು. ನಾಕು ದಿನಕ್ಕ ಜಿಲ್ಲಾ ತಂಡದ ಆಯ್ಕಿ ಇತ್ತು. ಹಿಂದಿನ ವರ್ಷ ಚಂದ್ರಾಮನ ಕೈಬಿಟ್ಟಿದ್ರು. ನಾ ಅಂದೆ, ಚಾಚಾ, ಏಳು ಅಂತ ಹೇಳ್ರಿ. ಆರಕ್ಕ ಯಾರು ಹೊಳ್ಳಿ ನೋಡ್ತಾರ? ಏಳು ಅಂದ್ರ ಕರೀತಾರ. ಒಂದು ಥ್ರೋ ಹೊಡದಾನಂತ ನನ್ನ ಯಾರು ಕರೀತಾರ?"

"ಅಬ್ಬಾ ಏನಂದ್ರು?" ಫರಹೀನ ಕೇಳಿದಳು.

"ಆಗಂಗಿಲ್ಲ ಅಂದ್ರು. ಪುಸ್ತಕಕ್ಕ ನಾ ಕೈ ಹಚ್ಚಂಗಿಲ್ಲ ಅಂದ್ರು. ಪುಸ್ತಕ ಬಿಡ್ರಿ, ಪೇಪರಿಗಿ ಅಷ್ಟು ಹೇಳ್ರಿ ಅಂದೆ. ಅವರು ಚೀಟಿ ಮಡಚಿದ್ರು. ಲೈನ್ ಸಿಕ್ತು, ಒಳಗ ಹೋದ್ರು. ಏಳು ಅಂದದ್ದು ನಂಗ ಹೊರಗ ಕೇಳ್ತು. ಬಂದು, ನನ್ನ ಮಾರಿ ನೋಡದಂಗ, ನಡೀ ಬಸ್ ಹೊಂಡ್ತದ ಅಂದ್ರು."

ಪೀರಪ್ಪ ಸುತ್ತಿದ ಕಾಯಿಲನ್ನು ಕೈಯಲ್ಲಿ ಹಿಡಿದು ಅದರ ಅಂಚು ಸರಿಮಾಡಿದರು.

"ಒಂದು ತಿಂಗಳಿಗಿ ಆಳಂದದಾಗ ಚಂದ್ರಾಮಗ ಸನ್ಮಾನ ಇಟ್ಟಿದ್ರು. ನಾನೂ ಹೋಗಿದ್ದೆ. ಕಡೀ ಬಾಲಿಂದು ಹೇಳ್ದ. ಪ್ಯಾಡಿಗಿ ಹ್ಯಾಂಗ ಬಡೀತು, ಅಂಪೈರ್ ಹ್ಯಾಂಗ ಬೆರಳು ಎತ್ತಿದ, ಎಲ್ಲಾ. ಥ್ರೋದ ಮಾತೇ ಬರ್ಲಿಲ್ಲ. ನಾನೇ ಕೊಟ್ಟದ್ದು ಅದು. ಕೊಟ್ಟ ಮ್ಯಾಲ ಬ್ಯಾಸರಾಗಬಾರ್ದಿತ್ತು. ಆದ್ರ ಆಯ್ತು. ಆ ವರ್ಷ ಪರೀಕ್ಷಾ ಮುಗಸಿ ಊರಿಗಿ ಬಂದೆ, ಈ ಕೆಲಸ ಕಲ್ತೆ. ಆಮ್ಯಾಲ ಬಾಲ್ ಮುಟ್ಟಿಲ್ಲ."

"ಅವರು ಈಗ ಪುಸ್ತಕ ತಿದ್ದು ಅಂತಾರ ಕಾಕಾ."

"ತಿದ್ದಬ್ಯಾಡ. ನಿಮ್ಮಪ್ಪಂದದು. ಆದ್ರ ಎಕ್ಸ್‌ಚೇಂಜಿಂದು ನೀವಾಗೇ ಅವನಿಗಿ ಹೇಳಬ್ಯಾಡ್ರಿ. ಈ ವಯಸ್ಸಿನಾಗ ಅವನಿಗಿ ಯಾಕ."

ಹೇಳುವುದಿಲ್ಲವೆಂದು ಫರಹೀನ ಮಾತು ಕೊಟ್ಟಳು. ಬರುವಾಗ ಬಸ್ಸಿನಲ್ಲಿ ಪಂಚಶೀಲಾ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದಳು. ಫರಹೀನ ತಂದೆಯ ಬಗ್ಗೆಯೇ ಯೋಚಿಸುತ್ತಿದ್ದಳು. ತಂದೆ ಎಂದೂ ಸುಳ್ಳು ಬರೆದವರಲ್ಲ ಎಂದು ಅವಳು ಪಂಚಶೀಲಾಳಿಗೆ ಎಷ್ಟು ಸಲ ಹೇಳಿದ್ದಳೋ. ಬರೆದಿರಲಿಲ್ಲ ನಿಜ. ಹೇಳಿದ್ದರು.

ಮುಂದಿನ ಶನಿವಾರ ಅವಳೇ ಚಂದ್ರಾಮರಿಗೆ ಫೋನ್ ಮಾಡಿದಳು. "ಕಾಕಾ, ತಿದ್ದಾಕ ಬರಂಗಿಲ್ಲ. ಆದ್ರ ನೀವು ಒಮ್ಮೆ ಪೂರಾ ಕೇಳ್ರಿ. ಕೇಳಿದ ಮ್ಯಾಲ ನೀವು ಏನ್ ಅಂತೀರಿ ಅದನ್ನೂ ಪಂಚಶೀಲಾ ಬರ್ಕೋತಾಳ."

ಚಂದ್ರಾಮ ಬಂದರು. ಮುಖ ಬಿಗಿದುಕೊಂಡೇ ಕುಳಿತರು. ಫರಹೀನ ಅಫಜಲಪುರದ ಇನ್ನಿಂಗ್ಸನ್ನು ಮೊದಲ ಓವರಿನ ಮೊದಲ ಬಾಲಿನಿಂದ ಓದತೊಡಗಿದಳು. ಯಾರು ಎಸೆದರು, ಯಾರು ಆಡಿದರು, ಎಷ್ಟು ರನ್. ನಡುನಡುವೆ ರಸೂಲಸಾಬರ ಸಣ್ಣ ಟಿಪ್ಪಣಿಗಳು: 'ಕ್ಯಾಚ್ ಬಿಟ್ಟ', 'ಮ್ಯಾಟ್ ಸರಿದು ಆಟ ನಿಂತಿತು', 'ನಾಯಿ ಒಳಗೆ ಬಂತು'.

ಐದನೇ ಓವರಿಗೆ ಚಂದ್ರಾಮ ಮುಂದಕ್ಕೆ ಬಾಗಿದರು. "ಹೌದು, ನಾಯಿ ಬಂದಿತ್ತು. ಕಂದು ಬಣ್ಣದ್ದು." ಒಂಬತ್ತನೆಯದಕ್ಕೆ, "ಆ ಕ್ಯಾಚ್ ಬಿಟ್ಟಂವ ನಮ್ಮ ಕ್ಯಾಪ್ಟನ್ನೇ. ಆಮ್ಯಾಲ ನನಗೇ ಬೈದ," ಎಂದು ನಕ್ಕರು. ಫರಹೀನ ಓದುವ ಮೊದಲೇ ಕೆಲವು ಬಾಲುಗಳನ್ನು ತಾವೇ ಹೇಳತೊಡಗಿದರು. ನಾಲ್ಕಕ್ಕೆ ಮೂರು ಬರೋಬರಿ ಇದ್ದವು. ಆರು ವಿಕೆಟ್ಟುಗಳೂ ಒಂದೊಂದಾಗಿ ಬಂದವು. ಬೇವಿನ ಗಿಡದ ಮಾತು ಅವರು ಮತ್ತೆ ತೆಗೆಯಲಿಲ್ಲ.

ಕೊನೆಯ ಓವರಿಗೆ ಬಂದಳು. ಅಫಜಲಪುರಕ್ಕೆ ಗೆಲ್ಲಲು ಮೂರು ರನ್ ಬೇಕು, ಉಳಿದದ್ದು ಒಂದೇ ವಿಕೆಟ್. ಬಾಲ್ ಎಸೆಯುವವರು ಚಂದ್ರಾಮ. ಆಡುವವರು ಸಿದ್ದರಾಮೇಶ, ಆ ತುದಿಯಲ್ಲಿ ನಿಂತವರು ಮಸೂದ.

"ನಾಕನೇ ಬಾಲ್. ರನ್ ಔಟ್, ಪೀರಪ್ಪ. ಸೀದಾ ಥ್ರೋ."

"ಅದೇ ಗಲತ್. ಸಿದ್ದರಾಮೇಶ ಎಲ್‌ಬಿಡಬ್ಲ್ಯೂ..." ಎಂದು ಶುರು ಮಾಡಿದ ಚಂದ್ರಾಮ ಮಾತು ಅರ್ಧಕ್ಕೇ ನಿಲ್ಲಿಸಿದರು. "ಔಟ್ ಯಾರು ಅಂತ ಬರದಾನ?" ಎಂದು ಕೇಳಿದರು.

"ಮಸೂದ."

"ಸಿದ್ದರಾಮೇಶ?"

"ನಾಟ್ ಔಟ್. ಹದಿನೇಳು ರನ್."

ಚಂದ್ರಾಮ ಕಣ್ಣು ಮುಚ್ಚಿ ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡರು. ಪ್ಯಾಡಿಗೆ ಬಾಲ್ ಬಡಿಸಿಕೊಂಡವನು ಸಿದ್ದರಾಮೇಶ. ಎಲ್‌ಬಿಡಬ್ಲ್ಯೂ ಆಗಿದ್ದರೆ ಔಟಾಗಬೇಕಾದವನು ಅವನೇ. ಓಡಿ ಬಂದ ಮಸೂದನನ್ನು ಎಲ್‌ಬಿಡಬ್ಲ್ಯೂ ಕೊಡಲು ಬರುವುದಿಲ್ಲ. ಇದನ್ನು ಫರಹೀನ ವಿವರಿಸುವ ಪ್ರಸಂಗವೇ ಬರಲಿಲ್ಲ.

"ಮಸೂದ ಅಳಕೋತ ಹೋಗಿದ್ದ," ಅವರು ನಿಧಾನವಾಗಿ ಹೇಳಿದರು. "ಅದು ನೆನಪದ. ಅಂವ ಯಾಕ ಅತ್ತ ಅಂತ ನಾ ಎಂದೂ ವಿಚಾರ ಮಾಡಿಲ್ಲ."

"ಅಂಪೈರ್ ಬೆರಳು ಎತ್ತಿದ್ದು ನೀವು ನೋಡಿದ್ರೇನು ಕಾಕಾ?"

"ನಾ ಅಂಪೈರ್ ಕಡೀಗಿ ಹೊಳ್ಳಿ, ಕೈ ಎತ್ತಿ ಒದರಾಕತ್ತಿದ್ದೆ. ಸ್ಟಂಪ್ ನನ್ನ ಬೆನ್ನ ಹಿಂದ. ಹಿಂದ ನೋಡೋದ್ರಾಗ ಎಲ್ಲಾರೂ ಮೈಮ್ಯಾಲ ಬಿದ್ರು. ಬೆರಳು..." ಅವರು ತಲೆ ಅಲ್ಲಾಡಿಸಿದರು. "ಸಂಜೀಗಿ ಬಸ್ಸಿನಾಗ ಯಾರೋ ಥ್ರೋ ಥ್ರೋ ಅಂದ್ರು. ನಾ ಅಷ್ಟು ಕಿವಿ ಕೊಡ್ಲಿಲ್ಲ. ಮರುದಿನ ಪೇಪರ್ ಬಂತು. ಪೇಪರ್ ಬಂದ ಮ್ಯಾಲ ಯಾರೂ ಥ್ರೋ ಅನ್ಲಿಲ್ಲ."

ಕರೀಮುನ್ನಿಸಾ ಚಹಾ ತಂದಳು. ಈ ಸಲ ಚಂದ್ರಾಮ ಕುಡಿದರು. ಕಪ್ಪು ಕೆಳಗಿಟ್ಟು ಕೇಳಿದರು:

"ಹಂಗಾದ್ರ ಪೇಪರಿನಾಗ ಏಳು ಹ್ಯಾಂಗ ಬಂತು?"

ಫರಹೀನ ಪುಸ್ತಕ ಮುಚ್ಚಿದಳು. "ಪೇಪರಿಗಿ ಹೇಳಿದ್ದು ಅಬ್ಬಾನೇ."

"ಯಾಕ?"

"ಅದನ್ನ ನಾ ಹೇಳಾಕ ಬರಂಗಿಲ್ಲ ಕಾಕಾ. ಮಾತು ಕೊಟ್ಟೀನಿ."

ಯಾರಿಗೆ ಎಂದು ಅವರು ಕೇಳಲಿಲ್ಲ. ಕಟಿಂಗನ್ನು ಹಾಗೆಯೇ ಕೈಯಲ್ಲಿ ಹಿಡಿದುಕೊಂಡು ಬಾಗಿಲವರೆಗೆ ಹೋದವರು ತಿರುಗಿ, "ಪೀರಪ್ಪ ಎಲ್ಲದಾನ ಈಗ?" ಎಂದರು.

ಫರಹೀನ ಅಂಗಡಿಯ ಗುರುತು ಹೇಳಿದಳು.

ಸೋಮವಾರ ಪೀರಪ್ಪ ಫೋನ್ ಮಾಡಿದರು. ಫರಹೀನ ಶಾಲೆಯ ವರಾಂಡಕ್ಕೆ ಬಂದು ಮಾತಾಡಿದಳು. "ನಾನಾಗೇ ಹೇಳಿಲ್ಲ ಕಾಕಾ," ಎಂದು ಮೊದಲೇ ಹೇಳಿದಳು.

"ಗೊತ್ತದ, ಗೊತ್ತದ. ನಿನ್ನಿ ಬಂದಿದ್ದ. ಬಂದಂವ ಒಂದು ತಾಸು ನನ್ನ ಕೆಲಸ ನೋಡ್ಕೋತ ಕುಂತ. ನಾನೂ ಮೋಟಾರ್ ಬಿಚ್ಚಾಕತ್ತಿದ್ದೆ. ಕಡೀಕ, ಎಷ್ಟು ದೂರದಿಂದ ಹೊಡ್ದಿ ಅಂತ ಕೇಳ್ದ. ಮೂವತ್ತು ಗಜ ಇರ್ಬೇಕು ಅಂದೆ. ನಾ ನೋಡಲಿಲ್ಲಲೇ ಅದನ್ನ, ಅಂದ. ಪೇಪರಿಂದು ಕೇಳ್ದ, ಹೇಳಿಬಿಟ್ಟೆ."

"ಸಿಟ್ಟಾದ್ರೇನು?"

"ಸಿಟ್ಟಾದ. ನಂಗ ಯಾಕ ಕೇಳ್ಲಿಲ್ಲ ಅಂದ. ಕೇಳಿದ್ರ ಬ್ಯಾಡ ಅಂತಿದ್ದೆ ಅಂದ. ಅಂತಿದ್ದಿಲ್ಲಲೇ, ಅಂದೆ. ಆಮ್ಯಾಲ ಊಟ ಮಾಡ್ದೀವಿ. ಹೋಗುವಾಗ ಆ ಕಟಿಂಗ್ ಇಲ್ಲೇ ಬಿಟ್ಟು ಹೊಂಟಿದ್ದ. ನಂಗ್ಯಾಕೋ, ಅದರಾಗ ನನ್ನ ಹೆಸರೇ ಇಲ್ಲ ಅಂತ ವಾಪಸ್ ಕೊಟ್ಟು ಕಳಿಸ್ದೆ." ಪೀರಪ್ಪನವರ ನಗು ಕೇಳಿಸಿತು. "ಈಗ ಬರೀರವ್ವಾ, ಎಕ್ಸ್‌ಚೇಂಜಿಂದೂ ಬರೀರಿ. ಅವನಿಗೇ ಗೊತ್ತಾದ ಮ್ಯಾಲ ಉಳದವರದೇನದ."

ಪ್ರತಿ ಪುಸ್ತಕಕ್ಕೂ ಒಂದು ಪುಟದ ಪರಿಚಯ ಬೇಕೆಂದು ಪಂಚಶೀಲಾ ಕೇಳಿದ್ದಳು. ಹದಿನೈದನೆಯದರ ಪರಿಚಯ ಬರೆಯಲು ಫರಹೀನಳಿಗೆ ನಾಲ್ಕು ದಿನ ಹಿಡಿಯಿತು. ಮೊದಲು ತಂದೆಯ ಹೆಸರು ಬಿಟ್ಟು 'ಪತ್ರಿಕೆಯಲ್ಲಿ ತಪ್ಪಾಗಿ ಅಚ್ಚಾಗಿದೆ' ಎಂದಷ್ಟೇ ಬರೆದಳು. ಪತ್ರಿಕೆಯವರು ಹೇಳಿದ್ದನ್ನೇ ಅಚ್ಚು ಹಾಕಿದ್ದರು, ಅವರ ತಪ್ಪೇನೂ ಇರಲಿಲ್ಲ. ಹಾಳೆ ಹರಿದು ಮತ್ತೆ ಬರೆದಳು. ಹತ್ತನೇ ವಿಕೆಟ್ ರನ್ ಔಟ್, ಥ್ರೋ ಪೀರಪ್ಪನವರದು, ಚಂದ್ರಾಮ ಅವರ ವಿಕೆಟ್ ಆರು, ಪತ್ರಿಕೆಗೆ ಏಳು ಎಂದು ತಿಳಿಸಿದವರು ಸ್ಕೋರರ್ ರಸೂಲಸಾಬರು, ಪೀರಪ್ಪನವರ ಮಾತಿನ ಮೇಲೆ, ಪುಸ್ತಕವನ್ನು ಅವರು ತಿದ್ದಲಿಲ್ಲ, ಆ ನಂತರ ಪತ್ರಿಕೆಗೆ ಸುದ್ದಿ ಕೊಡುವುದನ್ನು ಬಿಟ್ಟರು.

ಇದನ್ನು ಕಳಿಸುವ ಮೊದಲು ತಾಯಿಗೆ ಓದಿ ಹೇಳಿದಳು. ಕರೀಮುನ್ನಿಸಾ ಮೆಂತ್ಯದ ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡಳು.

"ಅಫಜಲಪುರದಿಂದ ಬಂದ ದಿನ ಊಟ ಮಾಡಲೇ ಇಲ್ಲ. ತಂಡ ಗೆದ್ದಿದೆ, ಊರೆಲ್ಲ ಪಟಾಕಿ. ಇವರು ಗೋಡೆ ಕಡೆ ಮುಖ ಮಾಡಿ ಮಲಗಿದರು. ನಾನು ಜ್ವರ ಎಂದುಕೊಂಡು ಕಷಾಯ ಮಾಡಿಕೊಟ್ಟಿದ್ದೆ," ಎಂದು ತಮ್ಮ ಮನೆಮಾತಿನಲ್ಲಿ ಹೇಳಿದಳು. ನಂತರ, "ಕುಡಿದರು ಕೂಡ," ಎಂದಳು.

"ಅಬ್ಬಾನ ಮಾತು ಇದರಲ್ಲಿ ಬೇಡವೇನು ಅಮ್ಮಿ? ತೆಗೆಯಲಾ?"

ಕರೀಮುನ್ನಿಸಾ ಇನ್ನೊಂದು ಹಿಡಿ ಸೊಪ್ಪು ಬಿಡಿಸಿ ಬುಟ್ಟಿಗೆ ಹಾಕಿದಳು. "ಇರಲಿ," ಎಂದಳು.

ಬರುವ ರವಿವಾರ ಚಂದ್ರಾಮ, ಪೀರಪ್ಪ ಇಬ್ಬರನ್ನೂ ಕೂಡಿಸಿ ರೆಕಾರ್ಡ್ ಮಾಡುವುದೆಂದು ಪಂಚಶೀಲಾ ಗೊತ್ತುಮಾಡಿದ್ದಳು. ಕ್ಯಾಂಪಸ್ಸು ಇಬ್ಬರಿಗೂ ದೂರ, ಹಾಗಾಗಿ ಫರಹೀನಳ ಮನೆಯಲ್ಲೇ. ಆ ವಿಷಯ ಹೇಳಿದಾಗ ತಾಯಿ, ಪೀರಪ್ಪನಿಗೆ ಖಾರ ಆಗಿಬರುತ್ತದೋ ಇಲ್ಲವೋ ಕೇಳಿಕೋ ಎಂದಳು. ಫರಹೀನ ಕೇಳುತ್ತೇನೆ ಎಂದು ಹೇಳಿ, ಹದಿನಾರನೆಯ ಪುಸ್ತಕ ತೆಗೆದಳು. ಅದರ ಮೊದಲ ಪಂದ್ಯ ಜೇವರ್ಗಿಯಲ್ಲಿ ನಡೆದದ್ದು. ಮಳೆ ಬಂದು ಏಳನೇ ಓವರಿಗೇ ನಿಂತಿತ್ತು.